ಕೇಡಿನ ಮಾತಿಗೂ ಅಳತೆ ಇರಲಿ: ಸುದ್ದಿ ಸಂಪಾದಕರಿಗೆ ಮತ್ತು ಮುನ್ನೆಚ್ಚರಿಕೆ ಹೊರಡಿಸುವ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಯಾವುದೇ ಒಂದು ವಾರದ ಸುದ್ದಿಗಳನ್ನು ಒಟ್ಟಿಗೆ ಇಟ್ಟುಕೊಂಡು ಅವುಗಳಲ್ಲಿ ಬರುವ ಕೇಡಿನ ಮಾತುಗಳಿಗಷ್ಟೇ ಅಡಿಗೆರೆ ಎಳೆಯುತ್ತ ಹೋದರೆ ಪುಟಗಳು ಬೇಗನೆ ಗೆರೆಗಳಿಂದ ತುಂಬಿಹೋಗುತ್ತವೆ. ಮಳೆ ಜೋರಾದರೆ ವರುಣನ ಆರ್ಭಟ, ರಸ್ತೆಗೆ ನೀರು ಬಂದರೆ ಜಲಪ್ರಳಯ, ಸಂಪರ್ಕ ಕಡಿದರೆ ಜಲದಿಗ್ಬಂಧನ, ಜ್ವರ ಹರಡಿದರೆ ಹೆಮ್ಮಾರಿಯ ಅಟ್ಟಹಾಸ, ಸಾವು ಹೆಚ್ಚಿದರೆ ಮರಣಮೃದಂಗ, ಬೆಂಕಿ ಬಿದ್ದರೆ ಅಗ್ನಿಯ ರುದ್ರನರ್ತನ, ಷೇರುಪೇಟೆ ಇಳಿದರೆ ಮಹಾಪತನ, ಎಲ್ಲೋ ಒಂದು ಗಡಿಯಲ್ಲಿ ಗುಂಡು ಹಾರಿದರೆ ಮೂರನೆಯ ಮಹಾಯುದ್ಧಕ್ಕೆ ಕ್ಷಣಗಣನೆ. ಇವ್ಯಾವುವೂ ಇಲ್ಲದ ದಿನ, ಪ್ರಶ್ನಾರ್ಥಕ ಚಿಹ್ನೆಯೊಂದರ ಆಸರೆಯಲ್ಲಿ ‘ಕಾದಿದೆಯೇ ಗಂಡಾಂತರ?’ ಎಂಬ ಶೀರ್ಷಿಕೆ. ಅದೇ ವಾರ, ಬಹಳ ಸಲ ಅದೇ ಪುಟದ ಕೆಳಮೂಲೆಯಲ್ಲಿ, ಹವಾಮಾನದವರದೋ ಆರೋಗ್ಯದವರದೋ ನಿಜವಾದ ಎಚ್ಚರಿಕೆಯೊಂದು ನಾಲ್ಕು ಸಾಲಿನಲ್ಲಿ ಅಚ್ಚಾಗಿರುತ್ತದೆ. ಅದರ ಭಾಷೆ ಎಷ್ಟು ಒಣಗಿರುತ್ತದೆಂದರೆ, ಅದು ತಮ್ಮ ಮನೆಯ ಬಗ್ಗೆಯೇ ಹೇಳುತ್ತಿದೆ ಎಂದು ಓದಿದವರಿಗೆ ಹೊಳೆಯುವುದೇ ಇಲ್ಲ.

ಈ ಎರಡೂ ಬಗೆಯ ಬರಹಗಳನ್ನು ಬರೆಯುವವರನ್ನು ಒಟ್ಟಿಗೆ ಉದ್ದೇಶಿಸಿ ಈ ಪತ್ರ ಬರೆಯುತ್ತಿದ್ದೇನೆ. ಒಬ್ಬರು ಕೂಗುತ್ತಾರೆ, ಇನ್ನೊಬ್ಬರು ಗೊಣಗುತ್ತಾರೆ, ನಡುವೆ ಇರುವ ಜನರಿಗೆ ತಾವು ಏನು ಮಾಡಬೇಕೆಂಬುದು ಗೊತ್ತಾಗದೆ ಹೋಗುತ್ತದೆ. ಆಪತ್ತಿನ ಕುರಿತ ಒಂದು ವಾಕ್ಯ ಕೇಳಿದವನಿಗೆ ನಾಲ್ಕು ವಿಷಯಗಳು ತಿಳಿಯಬೇಕು: ಏನಾಗಬಹುದು, ಎಲ್ಲಿ ಮತ್ತು ಯಾವಾಗ, ಆಗುವ ಸಂಭವ ಎಷ್ಟು, ತಾನು ಈಗ ಮಾಡಬೇಕಾದದ್ದೇನು. ‘ಪ್ರಳಯ’, ‘ಸರ್ವನಾಶ’, ‘ಮಹಾಗಂಡಾಂತರ’ ಎಂಬ ಪದಗಳು ಈ ನಾಲ್ಕರಲ್ಲಿ ಒಂದಕ್ಕೂ ಉತ್ತರ ಕೊಡುವುದಿಲ್ಲ. ಅವು ಗಾತ್ರವನ್ನು ಮಾತ್ರ ಹೇಳುತ್ತವೆ, ಅದನ್ನೂ ಅಳತೆಯಿಲ್ಲದೆ ಹೇಳುತ್ತವೆ. ಈ ಪದಗಳನ್ನು ನಿಷೇಧಿಸಿ ಎಂದು ನಾನು ಕೇಳುತ್ತಿಲ್ಲ. 2004ರ ಡಿಸೆಂಬರ್ 26ರ ಸುನಾಮಿ ಹಿಂದೂ ಮಹಾಸಾಗರದ ದಂಡೆಯ ದೇಶಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಜನರ ಪ್ರಾಣ ತೆಗೆದುಕೊಂಡಾಗ ಅದನ್ನು ಹೇಳಲು ದೊಡ್ಡ ಮಾತೇ ಬೇಕಿತ್ತು. ಮೊಣಕಾಲುದ್ದದ ನೀರಿಗೆ ಅದೇ ಮಾತನ್ನು ಖರ್ಚು ಮಾಡಿದ ಭಾಷೆಯ ಬಳಿ ಅಂಥ ದಿನ ಹೊಸದಾಗಿ ಹೇಳಲು ಏನು ಉಳಿದಿರುತ್ತದೆ?

ಮೊದಲು ನಮ್ಮ ಶೀರ್ಷಿಕೆಗಳ ಕನ್ನಡವನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ಆರ್ಭಟ, ಅಟ್ಟಹಾಸ, ರಣಕೇಕೆ, ರುದ್ರನರ್ತನ, ರೌದ್ರಾವತಾರ, ಮುನಿಸು – ಇವೆಲ್ಲ ಒಬ್ಬ ವ್ಯಕ್ತಿ ಮಾಡುವ ಕೆಲಸಗಳು. ಕೋಪಗೊಂಡ ದೇವರೋ, ಗಹಗಹಿಸುವ ರಕ್ಕಸನೋ ಇದ್ದರೆ ಮಾತ್ರ ಈ ಪದಗಳಿಗೆ ಅರ್ಥ. ಯಕ್ಷಗಾನದ ರಂಗಸ್ಥಳದಿಂದಲೂ ಪುರಾಣ ಪ್ರವಚನದಿಂದಲೂ ಬಂದ ಈ ಪದಗಳಿಗೆ ಅವುಗಳ ಜಾಗದಲ್ಲಿ ಅಪಾರ ಶಕ್ತಿಯಿದೆ, ಆ ಶಕ್ತಿಯ ಬಗ್ಗೆ ನನಗೆ ಗೌರವವೂ ಇದೆ. ಆದರೆ ಪ್ರವಾಹದ ಸುದ್ದಿಯಲ್ಲಿ ವರುಣ ಮುನಿದ ಎಂದು ಬರೆದ ಕೂಡಲೇ ಕಾಲುವೆಯ ಮೇಲೆ ಕಟ್ಟಡಕ್ಕೆ ಅನುಮತಿ ಕೊಟ್ಟವರು, ಅಣೆಕಟ್ಟಿನ ನೀರನ್ನು ತಡವಾಗಿ ಬಿಟ್ಟವರು, ಹೂಳು ತೆಗೆಯದೆ ಬಿಟ್ಟವರು ವಾಕ್ಯದಿಂದ ಮಾಯವಾಗುತ್ತಾರೆ. ಕರ್ತೃಪದದ ಜಾಗದಲ್ಲಿ ದೇವರು ಕೂತರೆ ಉತ್ತರ ಕೊಡಬೇಕಾದ ಮನುಷ್ಯರಿಗೆ ಅಲ್ಲಿ ಜಾಗವಿರುವುದಿಲ್ಲ. ಸಾಂಕ್ರಾಮಿಕವನ್ನು ‘ಮಹಾಮಾರಿ’ ಎಂದಾಗ ಆಗುವುದೂ ಇದೇ. ಮಾರಿಯ ಮುಂದೆ ಮನುಷ್ಯ ಮಾಡಬಹುದಾದದ್ದು ಶರಣಾಗುವುದಷ್ಟೇ. ರೋಗಾಣುವಿನ ಮುಂದೆ ಮಾಡಬಹುದಾದದ್ದು ಬಹಳಷ್ಟಿದೆ.

ಇದಕ್ಕಿಂತಲೂ ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿರುವುದು ಕ್ರಿಯಾಪದಗಳ ಸ್ಥಿತಿ. ‘ಬಂದೀತು’, ‘ಕುಸಿದೀತು’, ‘ನೀರು ಒಳಗೆ ನುಗ್ಗೀತು’ ಎಂದು ಹೇಳುವ ಒಂದು ರೂಪ ಕನ್ನಡದಲ್ಲಿದೆ. ಶಾಲೆಯ ವ್ಯಾಕರಣದಲ್ಲಿ ಅದನ್ನು ಸಂಭಾವನಾರ್ಥಕ ಎಂದು ಕಲಿತಿದ್ದೇವೆ. ನಡೆಯುವ ಸಾಧ್ಯತೆ ಇದೆ, ನಡೆಯದಿರಲೂಬಹುದು ಎಂಬ ಇಡೀ ತೂಕವನ್ನು ನಮ್ಮ ಭಾಷೆ ಒಂದೇ ಪದದ ಬಾಲಕ್ಕೆ ಕಟ್ಟಿಕೊಟ್ಟಿದೆ. ಅದರ ಜೊತೆಗೆ ‘ಕುಸಿಯಬಹುದು’, ‘ಕುಸಿಯುವ ಸಂಭವ ಹೆಚ್ಚು’, ‘ಕುಸಿಯದೆ ಇರದು’, ‘ಕುಸಿಯುವುದು ಖಚಿತ’ ಎಂಬ ಮೆಟ್ಟಿಲುಗಳೂ ಇವೆ. ಹಿರಿಯರು ಮಕ್ಕಳಿಗೆ ‘ಬಿದ್ದೀಯೆ, ಜೋಪಾನ’ ಎನ್ನುವಾಗ ಈ ರೂಪವೇ ಬರುತ್ತದೆ. ಬೀಳುವ ಸಾಧ್ಯತೆಯೂ ಬೀಳದಂತೆ ನೋಡಿಕೊಳ್ಳುವ ದಾರಿಯೂ ಆ ಎರಡೇ ಪದಗಳಲ್ಲಿ ಕೂಡಿವೆ. ಸುದ್ದಿಯ ಕನ್ನಡದಲ್ಲಿ ಈ ಮೆಟ್ಟಿಲುಗಳೆಲ್ಲ ಸವೆದು ‘ಕುಸಿಯಲಿದೆ’, ‘ಮುಳುಗಲಿದೆ’, ‘ಅಪ್ಪಳಿಸಲಿದೆ’, ‘ಕಾದಿದೆ’ ಎಂಬ ಒಂದೇ ಸಮತಟ್ಟು ಉಳಿದಿದೆ. ಸಚಿವರು ನಾಳೆ ಹತ್ತು ಗಂಟೆಗೆ ಕಟ್ಟಡ ಉದ್ಘಾಟಿಸಲಿದ್ದಾರೆ ಎಂದು ಬರೆಯುವುದೂ ಇದೇ ರೂಪದಲ್ಲಿ. ದಿನ, ಗಂಟೆ ನಿಗದಿಯಾದ ಕಾರ್ಯಕ್ರಮಕ್ಕೆ ಬಳಸುವ ಕ್ರಿಯಾರೂಪವನ್ನು, ನೂರರಲ್ಲಿ ಹತ್ತರಷ್ಟು ಸಂಭವವಿರುವ ಆಪತ್ತಿಗೂ ತೊಂಬತ್ತರಷ್ಟು ಸಂಭವವಿರುವ ಆಪತ್ತಿಗೂ ಭೇದವಿಲ್ಲದೆ ಹಚ್ಚುತ್ತಿದ್ದೇವೆ. ಅದರ ಮೇಲೆ ಪ್ರಶ್ನಾರ್ಥಕ ಚಿಹ್ನೆ ಇಟ್ಟರೆ ಅನುಮಾನವನ್ನು ಪ್ರಾಮಾಣಿಕವಾಗಿ ಹೇಳಿದಂತಾಗುವುದಿಲ್ಲ. ಅನುಮಾನದ ಅಳತೆ ಹೇಳುವ ಹೊಣೆಯನ್ನು ಓದುಗನ ತಲೆಗೆ ಕಟ್ಟಿದಂತಾಗುತ್ತದೆ.

ಅಳತೆಯಿಲ್ಲದ ಪದ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ, ಪದಗಳನ್ನು ತೂಗುವುದೇ ಕಸುಬಾಗಿದ್ದ ಜನರ ನಡುವೆ ನಡೆದ ಒಂದು ಪ್ರಸಂಗವಿದೆ. 1951ರಲ್ಲಿ ಅಮೆರಿಕದ ಗುಪ್ತಚರ ವಿಶ್ಲೇಷಕರು ಯುಗೊಸ್ಲಾವಿಯದ ಮೇಲೆ ಆ ವರ್ಷ ಸೋವಿಯತ್ ಬಣದ ದಾಳಿ ನಡೆಯುವ ‘ಗಂಭೀರ ಸಾಧ್ಯತೆ’ ಇದೆ ಎಂದು ಒಂದು ವರದಿಯಲ್ಲಿ ಬರೆದರು. ಗಂಭೀರ ಸಾಧ್ಯತೆ ಎಂದರೆ ಎಷ್ಟು ಎಂದು ವಿದೇಶಾಂಗ ಇಲಾಖೆಯ ಅಧಿಕಾರಿಯೊಬ್ಬರು ಕೇಳಿದಾಗ, ವರದಿಯ ಹೊಣೆ ಹೊತ್ತಿದ್ದ ಶೆರ್ಮನ್ ಕೆಂಟ್, ತಮ್ಮ ಮಟ್ಟಿಗೆ ಅದು ನೂರಕ್ಕೆ 65ರಷ್ಟು ಎಂದರು. ಕೇಳಿದವರು ಬೆಚ್ಚಿದರು. ಅವರು ಅದನ್ನು ಬಹಳ ಕಡಿಮೆ ಎಂದು ತಿಳಿದುಕೊಂಡಿದ್ದರು. ಆಮೇಲೆ ಕೆಂಟ್ ಆ ವಾಕ್ಯವನ್ನು ಕೂಡಿ ಕೂತು ಒಪ್ಪಿದ ತಮ್ಮ ಸಹೋದ್ಯೋಗಿಗಳನ್ನೇ ಒಬ್ಬೊಬ್ಬರಾಗಿ ವಿಚಾರಿಸಿದರೆ, ಉತ್ತರಗಳು ನೂರಕ್ಕೆ 20ರಿಂದ 80ರವರೆಗೆ ಹರಡಿಕೊಂಡಿದ್ದವು. ಒಂದೇ ವಾಕ್ಯಕ್ಕೆ ಸಹಿ ಹಾಕಿದವರು ಒಂದೇ ಅರ್ಥಕ್ಕೆ ಸಹಿ ಹಾಕಿರಲಿಲ್ಲ. ಹವಾಮಾನ ಬದಲಾವಣೆಯ ಅಂತರ್‌ಸರ್ಕಾರಿ ಸಮಿತಿಯಾದ ಐಪಿಸಿಸಿ ತನ್ನ ವರದಿಗಳಲ್ಲಿ ಸಂಭವನೀಯತೆಯ ಪದಗಳಿಗೆ ಸಂಖ್ಯೆಯ ಬೇಲಿ ಹಾಕಿಕೊಂಡಿರುವುದು ಇಂಥ ಗೊಂದಲವನ್ನು ತಪ್ಪಿಸಲೆಂದೇ. ಅಲ್ಲಿ ‘ಸಂಭವನೀಯ’ ಎಂದರೆ ನೂರಕ್ಕೆ 66ಕ್ಕಿಂತ ಹೆಚ್ಚು, ‘ಬಹಳ ಸಂಭವನೀಯ’ ಎಂದರೆ 90ಕ್ಕಿಂತ ಹೆಚ್ಚು, ‘ಬಹುತೇಕ ಖಚಿತ’ ಎಂದರೆ 99ಕ್ಕಿಂತ ಹೆಚ್ಚು. ಆ ವರದಿ ಸುದ್ದಿಯಾಗಿ ನಮ್ಮ ಪುಟಕ್ಕೆ ಬರುವ ಹೊತ್ತಿಗೆ ಮೂರೂ ಸೇರಿ ‘ವಿಜ್ಞಾನಿಗಳ ಬೆಚ್ಚಿಬೀಳಿಸುವ ಎಚ್ಚರಿಕೆ’ ಆಗಿರುತ್ತವೆ.

ಇಲ್ಲಿಯವರೆಗೆ ಓದಿದ ಅಧಿಕಾರಿಗಳು, ಹಾಗಾದರೆ ತಾವು ಮೆಲುದನಿಯಲ್ಲಿ ಮಾತಾಡುವುದೇ ಸರಿ ಎಂದುಕೊಳ್ಳಬಾರದೆಂದು ಈ ಮಾತನ್ನು ಸೇರಿಸುತ್ತೇನೆ. ಕೊಲಂಬಿಯದ ನೆವಾದೊ ದೆಲ್ ರುಯಿಸ್ ಜ್ವಾಲಾಮುಖಿಯ ಸುತ್ತ ಎಲ್ಲೆಲ್ಲಿ ಕೆಸರಿನ ಪ್ರವಾಹ ನುಗ್ಗೀತೆಂದು ತೋರಿಸುವ ನಕ್ಷೆಯೊಂದು 1985ರ ಅಕ್ಟೋಬರಿನಲ್ಲೇ ಸಿದ್ಧವಾಗಿತ್ತು. ಅದರಲ್ಲಿ ಅರ್ಮೆರೊ ಪಟ್ಟಣ ಅಪಾಯದ ವಲಯದೊಳಗೇ ಇತ್ತು. ಆದರೆ ಆ ನಕ್ಷೆ ಜನರಲ್ಲಿ ಅನಗತ್ಯ ಗಾಬರಿ ಹುಟ್ಟಿಸುತ್ತದೆ ಎಂಬ ಟೀಕೆ ಬಂತು. ನವೆಂಬರ್ 13ರ ರಾತ್ರಿ ಜ್ವಾಲಾಮುಖಿಯ ಬಿಸಿಗೆ ಕರಗಿದ ಹಿಮ, ಬೂದಿ, ಮಣ್ಣು ಸೇರಿ ಇಳಿದ ಕೆಸರು ಅರ್ಮೆರೊವನ್ನು ಮುಚ್ಚಿತು. 20,000ಕ್ಕೂ ಹೆಚ್ಚು ಜನ ಸತ್ತರು. ‘ಗಾಬರಿ ಹುಟ್ಟಿಸುವವರು’ ಎಂಬುದೂ ಕೇಡಿನ ಶಬ್ದಕೋಶದ್ದೇ ಒಂದು ಪದ, ಮತ್ತು ಬಹುಶಃ ಅದರಲ್ಲೇ ಅತ್ಯಂತ ದುಬಾರಿಯಾದ ಪದ. ಇಟಲಿಯ ಲಾಕ್ವಿಲ ಪಟ್ಟಣದಲ್ಲಿ ತಿಂಗಳುಗಟ್ಟಲೆ ಸಣ್ಣ ನಡುಕಗಳಾಗುತ್ತಿದ್ದಾಗ ಜನರಿಗೆ ಅಧಿಕಾರಿಗಳು, ತಜ್ಞರ ಕಡೆಯಿಂದ ಸಿಕ್ಕಿದ್ದು ಸಮಾಧಾನದ ಮಾತು. 2009ರ ಏಪ್ರಿಲ್ 6ರ ನಸುಕಿನ ಭೂಕಂಪದಲ್ಲಿ ಅಲ್ಲಿ 300ಕ್ಕೂ ಹೆಚ್ಚು ಜನ ತೀರಿಕೊಂಡರು. ತಜ್ಞರ ಮೇಲೆ ಮೊಕದ್ದಮೆ ನಡೆದು, 2012ರಲ್ಲಿ ಶಿಕ್ಷೆಯಾಗಿ, 2014ರಲ್ಲಿ ವಿಜ್ಞಾನಿಗಳು ಖುಲಾಸೆಯಾದರು. ಭೂಕಂಪವನ್ನು ಮೊದಲೇ ಹೇಳಲು ಯಾರಿಂದಲೂ ಆಗುತ್ತಿರಲಿಲ್ಲ ಎಂಬುದು ನಿಜ. ಆದರೆ ಹೇಳಲಾಗದ್ದನ್ನು ‘ಏನೂ ಆಗುವುದಿಲ್ಲ’ ಎಂಬ ಅರ್ಥ ಬರುವಂತೆ ಹೇಳುವುದು, ‘ಆಗೇ ಆಗುತ್ತದೆ’ ಎನ್ನುವಷ್ಟೇ ಅಳತೆಗೆಟ್ಟ ಮಾತು.

ಭಯಂಕರವಾದ ಮಾತು ಅಳತೆಯಲ್ಲಿಯೂ ಇರಲು ಸಾಧ್ಯ ಎಂಬುದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಉದಾಹರಣೆ ಕತ್ರಿನಾ ಚಂಡಮಾರುತದ ಹಿಂದಿನ ದಿನದ್ದು. 2005ರ ಆಗಸ್ಟ್ 28ರ ಬೆಳಿಗ್ಗೆ ಹತ್ತು ಗಂಟೆ ದಾಟಿದ ಹೊತ್ತಿಗೆ ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆಯ ನ್ಯೂ ಆರ್ಲಿಯನ್ಸ್ ಕಚೇರಿಯಿಂದ ಒಂದು ಪ್ರಕಟಣೆ ಹೊರಬಿತ್ತು. ಅದನ್ನು ಕಳುಹಿಸಿದವರು ರಾಬರ್ಟ್ ರಿಕ್ಸ್ ಎಂಬ ಮುನ್ಸೂಚಕರು. ಆ ಪ್ರದೇಶದ ಹೆಚ್ಚಿನ ಭಾಗ ವಾರಗಟ್ಟಲೆ, ಬಹುಶಃ ಅದಕ್ಕಿಂತಲೂ ಹೆಚ್ಚು ಕಾಲ ವಾಸಕ್ಕೆ ಯೋಗ್ಯವಾಗಿರುವುದಿಲ್ಲ ಎಂದು ಅದು ಆರಂಭದಲ್ಲೇ ಹೇಳಿತು. ಚೆನ್ನಾಗಿ ಕಟ್ಟಿದ ಮನೆಗಳಲ್ಲೂ ಅರ್ಧದಷ್ಟರ ಛಾವಣಿ, ಗೋಡೆಗಳು ಹೋಗುತ್ತವೆ, ಎತ್ತರದ ಕಟ್ಟಡಗಳು ಅಪಾಯಕಾರಿಯಾಗಿ ತೂಗಾಡುತ್ತವೆ, ಕಿಟಕಿಗಳ ಗಾಜೆಲ್ಲ ಸಿಡಿಯುತ್ತದೆ, ಗಾಳಿಯಲ್ಲಿ ಮನೆಬಳಕೆಯ ಭಾರದ ಯಂತ್ರಗಳು, ಹಗುರ ವಾಹನಗಳು ಸಹ ಹಾರಿಬರಬಹುದು, ಅವು ಬಡಿದರೆ ಹೊರಗಿರುವ ಮನುಷ್ಯರಿಗೂ ಪ್ರಾಣಿಗಳಿಗೂ ಸಾವು ಖಚಿತ, ವಿದ್ಯುತ್ತು ವಾರಗಟ್ಟಲೆ ಇರುವುದಿಲ್ಲ, ನೀರಿನ ಅಭಾವದಿಂದ ಜನ ಈ ಕಾಲದಲ್ಲಿ ನಂಬಲಾಗದಷ್ಟು ಸಂಕಟ ಪಡುತ್ತಾರೆ ಎಂದು ಒಂದೊಂದಾಗಿ ಬಿಡಿಸಿಟ್ಟಿತು. ಈ ಪಠ್ಯದ ಕರಡು ಇಂಥ ದಿನಕ್ಕೆಂದೇ ವರ್ಷಗಳ ಹಿಂದೆ ಸಿದ್ಧವಾಗಿತ್ತು. ಆ ಬೆಳಿಗ್ಗೆ ರಿಕ್ಸ್ ಮಾಡಿದ್ದು ಸಾಲು ಸಾಲಾಗಿ ಓದುತ್ತ, ಯಾವ ಸಾಲು ಅತಿಯಾಯಿತು, ಯಾವುದನ್ನು ತೆಗೆಯಬಹುದು ಎಂದು ಹುಡುಕಿದ್ದು. ತೆಗೆಯಬಹುದಾದ ಒಂದು ಸಾಲೂ ಅವರಿಗೆ ಸಿಗಲಿಲ್ಲ. ಮರುದಿನ ಗಾಳಿಯ ಬಗ್ಗೆ ಹೇಳಿದ್ದೆಲ್ಲವೂ ಅಕ್ಷರಶಃ ನಡೆಯಲಿಲ್ಲ, ಹೆಚ್ಚಿನ ಅನಾಹುತ ಒಡ್ಡುಗಳು ಒಡೆದು ನುಗ್ಗಿದ ನೀರಿನಿಂದಾಯಿತು. ಆದರೂ ಆ ಪ್ರಕಟಣೆಯಿಂದ ಎಷ್ಟೋ ಜನ ಊರು ಬಿಟ್ಟು ಬದುಕಿಕೊಂಡರು ಎಂದು ಆಮೇಲೆ ಅದನ್ನು ಪರಿಶೀಲಿಸಿದವರು ಗುರುತಿಸಿದ್ದಾರೆ. ಅದರಲ್ಲಿ ಆರ್ಭಟವಿಲ್ಲ, ಅಟ್ಟಹಾಸವಿಲ್ಲ. ಛಾವಣಿ, ಕಿಟಕಿ, ನೀರು, ವಿದ್ಯುತ್ತು ಇವೆ. ಓದಿದವನು ತಲೆಯೆತ್ತಿ ತನ್ನ ಮನೆಯ ಛಾವಣಿಯನ್ನು ನೋಡಿಕೊಳ್ಳುತ್ತಾನೆ.

ಇದರ ಎದುರಿಗೆ ಇಡಬೇಕಾದದ್ದು 2013ರ ನವೆಂಬರ್ 8ರಂದು ಫಿಲಿಪ್ಪೀನ್ಸಿನ ತಾಕ್ಲೋಬಾನ್ ನಗರಕ್ಕೆ ಬಡಿದ ಹೈಯಾನ್ ಚಂಡಮಾರುತ. ಮುನ್ಸೂಚನೆ ಸರಿಯಾಗಿತ್ತು, ಎಚ್ಚರಿಕೆ ಮೊದಲೇ ಹೊರಟಿತ್ತು, ಗಾಳಿಯ ಒತ್ತಡಕ್ಕೆ ಸಮುದ್ರವೇ ಎದ್ದು ದಂಡೆಯೊಳಗೆ ನುಗ್ಗುತ್ತದೆ ಎಂಬುದನ್ನು ಹವಾಮಾನ ಶಾಸ್ತ್ರದ ಪಾರಿಭಾಷಿಕ ಪದದಲ್ಲಿ ಹೇಳಲಾಗಿತ್ತು. ಆ ಪದ ಜನರಿಗೆ ಏನನ್ನೂ ತೋರಿಸಲಿಲ್ಲ. ಸುನಾಮಿಯಂತೆ ನೀರು ಬರುತ್ತದೆ ಎಂದಿದ್ದರೆ ಓಡಿಹೋಗುತ್ತಿದ್ದೆವು ಎಂದು ಬದುಕುಳಿದವರು ಆಮೇಲೆ ಹೇಳಿದರು. ಆ ಚಂಡಮಾರುತದಲ್ಲಿ ಸತ್ತವರು 6,000ಕ್ಕೂ ಹೆಚ್ಚು. ಮುನ್ನೆಚ್ಚರಿಕೆಯ ಕರಡು ಬರೆಯುವ ಅಧಿಕಾರಿಗಳು ಈ ಪ್ರಸಂಗವನ್ನು ತಮ್ಮ ಮೇಜಿನ ಮೇಲೆ ಇಟ್ಟುಕೊಳ್ಳಬೇಕೆಂದು ನನ್ನ ವಿನಂತಿ. ‘ಭಾರಿಯಿಂದ ಅತಿ ಭಾರಿ ಮಳೆಯಾಗುವ ಸಾಧ್ಯತೆ’, ‘ತಗ್ಗು ಪ್ರದೇಶಗಳು ಜಲಾವೃತಗೊಳ್ಳುವ ಸಂಭವ’, ‘ಸಾರ್ವಜನಿಕರು ಸೂಕ್ತ ಮುನ್ನೆಚ್ಚರಿಕಾ ಕ್ರಮ ಕೈಗೊಳ್ಳತಕ್ಕದ್ದು’ ಎಂಬ ವಾಕ್ಯಗಳಲ್ಲಿ ಅಳತೆಯೇನೋ ಇದೆ, ಆದರೆ ಅದು ಇಲಾಖೆಯಿಂದ ಇಲಾಖೆಗೆ ಹೋಗುವ ಅಳತೆ. ಯಾವುದು ತಗ್ಗು ಪ್ರದೇಶ, ಯಾವ ಬೀದಿಯವರೆಗೆ, ನೀರು ಮಂಡಿಯವರೆಗೋ ಕಿಟಕಿಯವರೆಗೋ, ಸೂಕ್ತ ಕ್ರಮವೆಂದರೆ ಮೇಲಿನ ಮಹಡಿಗೆ ಹೋಗುವುದೋ ಊರನ್ನೇ ಬಿಡುವುದೋ? ಇಷ್ಟನ್ನು ಹೇಳದ ಎಚ್ಚರಿಕೆಯನ್ನು ಓದುಗ ತನ್ನ ಪಕ್ಕದವನಿಗೆ ದಾಟಿಸಲಾರ.

ಭಯ ಬೇಕೇ ಬೇಡವೇ ಎಂಬ ಹಳೆಯ ವಾದಕ್ಕೂ ಒಂದು ಹಳೆಯ ಉತ್ತರವಿದೆ. 1965ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಹೋವರ್ಡ್ ಲೆವೆಂತಾಲ್ ಮತ್ತು ಸಂಗಡಿಗರು ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಧನುರ್ವಾಯುವಿನ ಕುರಿತ ಕಿರುಹೊತ್ತಗೆಗಳನ್ನು ಕೊಟ್ಟರು. ಕೆಲವರಿಗೆ ರೋಗದ ಘೋರ ವಿವರಗಳೂ ಚಿತ್ರಗಳೂ ಇದ್ದದ್ದು, ಕೆಲವರಿಗೆ ಸೌಮ್ಯವಾದದ್ದು. ಘೋರವಾದದ್ದನ್ನು ಓದಿದವರು ಹೆಚ್ಚು ಹೆದರಿದರು, ಲಸಿಕೆ ಹಾಕಿಸಿಕೊಳ್ಳುತ್ತೇವೆ ಎಂದೂ ಹೆಚ್ಚಾಗಿ ಹೇಳಿದರು, ಆದರೆ ನಿಜವಾಗಿ ಹೋಗಿ ಹಾಕಿಸಿಕೊಂಡವರ ಲೆಕ್ಕದಲ್ಲಿ ಆ ಹೆದರಿಕೆ ವ್ಯತ್ಯಾಸ ಮಾಡಲಿಲ್ಲ. ವ್ಯತ್ಯಾಸ ಮಾಡಿದ್ದು ಒಂದು ನಕ್ಷೆ. ಆರೋಗ್ಯ ಕೇಂದ್ರವನ್ನು ಗುರುತು ಮಾಡಿದ ಆವರಣದ ನಕ್ಷೆಯನ್ನು ಕೊಟ್ಟು, ವಾರದ ಯಾವ ಹೊತ್ತಿನಲ್ಲಿ ಹೋಗಲು ಅನುಕೂಲ ಎಂದು ಯೋಚಿಸಿಕೊಳ್ಳಲು ಹೇಳಿದವರಲ್ಲಿ ನೂರಕ್ಕೆ ಸುಮಾರು 28 ಮಂದಿ ಲಸಿಕೆ ಹಾಕಿಸಿಕೊಂಡರು. ನಕ್ಷೆಯಿಲ್ಲದೆ ಬರೀ ಓದಿ ಬಿಟ್ಟವರಲ್ಲಿ ಸುಮಾರು 3. ಆ ವಿದ್ಯಾರ್ಥಿಗಳಿಗೆ ಆರೋಗ್ಯ ಕೇಂದ್ರ ಎಲ್ಲಿದೆ ಎಂಬುದು ಮೊದಲೇ ಗೊತ್ತಿದ್ದಿರಬೇಕು ಎಂಬುದನ್ನು ನೆನೆದರೆ ಈ ಅಂತರ ಇನ್ನೂ ದೊಡ್ಡದಾಗಿ ಕಾಣುತ್ತದೆ. ಮುಂದೆ 1992ರಲ್ಲಿ ಕಿಮ್ ವಿಟ್ಟೆ ಎಂಬ ಸಂವಹನ ವಿದ್ವಾಂಸೆ ಇದನ್ನೇ ಒಂದು ಸಿದ್ಧಾಂತವಾಗಿ ಬೆಳೆಸಿದರು: ಅಪಾಯ ದೊಡ್ಡದೆಂದು ಅನ್ನಿಸಿ, ತನ್ನಿಂದ ಏನಾದರೂ ಮಾಡಲು ಸಾಧ್ಯ ಎಂದೂ ಅನ್ನಿಸಿದರೆ ಮನುಷ್ಯ ಅಪಾಯವನ್ನು ನಿಭಾಯಿಸಲು ಹೊರಡುತ್ತಾನೆ. ಏನೂ ಮಾಡಲಾಗದು ಎಂದು ಅನ್ನಿಸಿದರೆ ಭಯವನ್ನಷ್ಟೇ ನಿಭಾಯಿಸುತ್ತಾನೆ, ಅಂದರೆ ಮುಖ ತಿರುಗಿಸುತ್ತಾನೆ, ಇದೆಲ್ಲ ಸುಳ್ಳು ಎನ್ನುತ್ತಾನೆ.

ಹೀಗಾಗಿ ಕೇಡಿನ ಪದಗಳಲ್ಲೆಲ್ಲ ನನಗೆ ಅತ್ಯಂತ ಹಾನಿಕರವಾಗಿ ಕಾಣುವುದು ಪ್ರಳಯ, ಮಾರಿಗಳಿಗಿಂತ ಹೆಚ್ಚಾಗಿ, ದನಿಯೇರಿಸದೆ ಬರುವ ಒಂದು ಗುಂಪು: ‘ಕೈಮೀರಿದೆ’, ‘ಕಾಲ ಮಿಂಚಿದೆ’, ‘ಎಲ್ಲ ಮುಗಿಯಿತು’, ‘ಇನ್ನು ಏನೂ ಉಳಿದಿಲ್ಲ’. ಇವು ಇನ್ನೂ ನಡೆಯುತ್ತಿರುವ ಸಂಗತಿಗೆ ಭೂತಕಾಲ ಹಚ್ಚುತ್ತವೆ. ಹವಾಮಾನ ಬದಲಾವಣೆಯ ವಿಷಯದಲ್ಲಿ ಇದು ದಿನನಿತ್ಯ ನಡೆಯುತ್ತಿದೆ. 2015ರ ಪ್ಯಾರಿಸ್ ಒಪ್ಪಂದದಲ್ಲಿ ಹೆಸರಿಸಿದ 1.5 ಡಿಗ್ರಿ ಸೆಲ್ಸಿಯಸ್ ತಾಪಮಾನ ಏರಿಕೆ ಎಂಬುದು ದಾಟಿದ ಕೂಡಲೇ ಎಲ್ಲ ಮುಗಿಯುವ ಗೆರೆಯೆಂದು ಜನರ ಮನಸ್ಸಿನಲ್ಲಿ ಕೂತಿದೆ. ಕೈಗಾರಿಕಾ ಪೂರ್ವ ಕಾಲಕ್ಕೆ ಹೋಲಿಸಿದರೆ 2024ರ ಇಡೀ ವರ್ಷದ ಜಾಗತಿಕ ಸರಾಸರಿ ತಾಪಮಾನ ಆ ಮಟ್ಟವನ್ನು ಮೀರಿತು ಎಂದು ವಿಶ್ವ ಹವಾಮಾನ ಸಂಸ್ಥೆ ತಿಳಿಸಿದಾಗ ‘ಲಕ್ಷ್ಮಣರೇಖೆ ದಾಟಿಯಾಯಿತು’ ಎಂಬ ಧಾಟಿಯ ಮಾತು ಕೇಳಿಬಂತು. ಒಪ್ಪಂದದ ಲೆಕ್ಕ ಒಂದು ವರ್ಷದ್ದಲ್ಲ, ದಶಕಗಳ ಸರಾಸರಿಯದು. ಅದಕ್ಕಿಂತ ಮುಖ್ಯವಾಗಿ, 1.6ಕ್ಕೂ 1.7ಕ್ಕೂ, 2ಕ್ಕೂ 2.5ಕ್ಕೂ ನಡುವೆ ಇರುವ ಒಂದೊಂದು ಹತ್ತನೇ ಭಾಗದಲ್ಲೂ ಎಷ್ಟೋ ಜನರ ಬೆಳೆ, ನೀರು, ಪ್ರಾಣ ಇವೆ. ಮುಗಿಯಿತು ಎನ್ನುವ ವಾಕ್ಯಕ್ಕೆ ಅವರೆಲ್ಲ ಕಾಣುವುದಿಲ್ಲ. ಹತ್ತು ದೇಶಗಳ 16ರಿಂದ 25 ವಯಸ್ಸಿನ 10,000 ಯುವಜನರನ್ನು ಮಾತಾಡಿಸಿ 2021ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯೊಂದರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ನೂರಕ್ಕೆ 75 ಮಂದಿ ಭವಿಷ್ಯ ಭಯ ಹುಟ್ಟಿಸುತ್ತದೆ ಎಂದರು. ಮನುಕುಲದ ಕಥೆ ಮುಗಿದಂತೆ ಎಂಬ ಮಾತಿಗೆ 56 ಮಂದಿ ಹೌದೆಂದರು. ಮೊದಲನೆಯ ಉತ್ತರ ನನಗೆ ಅರ್ಥವಾಗುತ್ತದೆ, ಅದರಲ್ಲಿ ತಪ್ಪೂ ಇಲ್ಲ. ಎರಡನೆಯದನ್ನು ಇಪ್ಪತ್ತು ವರ್ಷದ ಒಬ್ಬ ಹುಡುಗ ಅಥವಾ ಹುಡುಗಿ ತಾನಾಗಿ ಲೆಕ್ಕ ಹಾಕಿ ಕಂಡುಕೊಂಡದ್ದಲ್ಲ. ಯಾವ ವಿಜ್ಞಾನದ ವರದಿಯೂ ಹಾಗೆ ಹೇಳಿಲ್ಲ. ಆ ವಾಕ್ಯವನ್ನು ಅವರಿಗೆ ದೊಡ್ಡವರು ಕಲಿಸಿದ್ದಾರೆ, ಮತ್ತೆ ಮತ್ತೆ, ದೊಡ್ಡ ಅಕ್ಷರಗಳಲ್ಲಿ. ಇದನ್ನು ಬರೆಯುವಾಗ ನನಗೆ ಸಂಕಟವೂ ಸಿಟ್ಟೂ ಒಟ್ಟಿಗೆ ಆಗುತ್ತವೆ.

ಸಂಪಾದಕರ ಕಷ್ಟ ನನಗೆ ತಿಳಿಯದ್ದೇನಲ್ಲ. ಒಂದೇ ಸುದ್ದಿಗೆ ಬೇರೆ ಬೇರೆ ಶೀರ್ಷಿಕೆ ಕೊಟ್ಟು ಪರೀಕ್ಷಿಸಿದ 1,00,000ಕ್ಕೂ ಹೆಚ್ಚು ಶೀರ್ಷಿಕೆಗಳನ್ನು ವಿಶ್ಲೇಷಿಸಿದ ಒಂದು ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಸಾಧಾರಣ ಉದ್ದದ ಶೀರ್ಷಿಕೆಯಲ್ಲಿ ಒಂದು ನಕಾರಾತ್ಮಕ ಪದ ಹೆಚ್ಚಿದರೆ ಅದನ್ನು ಒತ್ತಿ ಓದುವವರ ಪ್ರಮಾಣ ಶೇ 2.3ರಷ್ಟು ಏರುತ್ತದೆ ಎಂದು ಅದು ಕಂಡಿತು. ಪದವೊಂದಕ್ಕೆ ಅಷ್ಟು ಆದಾಯ. ಸಂಬಳ ಕೊಡಬೇಕಾದ ಸುದ್ದಿಮನೆಗೆ ಅದು ಸಣ್ಣ ಮಾತಲ್ಲ. ಆದರೆ ಸ್ಪರ್ಧೆಯಲ್ಲಿ ಎಲ್ಲರೂ ಅದೇ ಪದ ಸೇರಿಸಿದ ಮೇಲೆ ಆ ಲಾಭ ಯಾರಿಗೂ ಉಳಿಯುವುದಿಲ್ಲ, ಉಳಿಯುವುದು ಇನ್ನೂ ದೊಡ್ಡ ಪದ ಹುಡುಕುವ ಒತ್ತಡ. ‘ಮಹಾ’ ಹೋಗಿ ‘ಮಹಾಮಹಾ’ ಬರುವ ಮೊದಲು ಒಬ್ಬರಾದರೂ ನಿಲ್ಲಬೇಕು.

ತೋಳ ಬಂತು ತೋಳ ಎಂಬ ಕಥೆಯನ್ನು ಇಂಥ ಚರ್ಚೆಯಲ್ಲಿ ಎಲ್ಲರೂ ತರುತ್ತಾರೆ. ನಾನು ಅದನ್ನು ನನ್ನ ವಾದಕ್ಕೆ ಆಧಾರವಾಗಿ ಬಳಸಲಾರೆ, ಏಕೆಂದರೆ ಸಂಶೋಧನೆಗಳು ಅದರ ಬಗ್ಗೆ ಒಂದೇ ಮಾತು ಹೇಳಿಲ್ಲ. ಅಮೆರಿಕದ ಕ್ಯಾರೊಲೈನಾ ಕರಾವಳಿಯಲ್ಲಿ 1996ರ ಚಂಡಮಾರುತಗಳ ನಂತರ ನಡೆದ ಅಧ್ಯಯನದಲ್ಲಿ, ಹಿಂದಿನ ಸಲ ಸುಮ್ಮನೆ ಊರು ಬಿಟ್ಟಿದ್ದವರೂ ಅದೊಂದೇ ಕಾರಣಕ್ಕೆ ಮುಂದಿನ ಎಚ್ಚರಿಕೆಯನ್ನು ತಳ್ಳಿಹಾಕಿರಲಿಲ್ಲ. ಸುಂಟರಗಾಳಿಯ ಸುಳ್ಳು ಎಚ್ಚರಿಕೆಗಳು ಹೆಚ್ಚಾಗಿದ್ದ ಪ್ರದೇಶಗಳಲ್ಲಿ ಸಾವುನೋವು ಹೆಚ್ಚೆಂದು ಕಂಡ ಅಧ್ಯಯನವೂ ಇದೆ. ನನ್ನ ತಿಳಿವಳಿಕೆ ಇಷ್ಟು: ಎಚ್ಚರಿಕೆ ಹುಸಿಯಾಗುವುದನ್ನು ಜನ ಕ್ಷಮಿಸುತ್ತಾರೆ, ಯಾಕೆ ಹುಸಿಯಾಯಿತೆಂದು ಅವರಿಗೆ ಯಾರಾದರೂ ಹೇಳಬೇಕು ಅಷ್ಟೆ.

ನಮ್ಮಲ್ಲಿ ಆ ಕೆಲಸವೇ ನಡೆಯುತ್ತಿಲ್ಲ. ಹ್ಯಾಲಿ ಧೂಮಕೇತುವಿನ ಬಾಲದಲ್ಲಿ ವಿಷಾನಿಲ ಇದೆ, ಭೂಮಿ ಅದರೊಳಗೆ ಹಾದುಹೋದಾಗ ಎಲ್ಲರೂ ಸಾಯುತ್ತಾರೆ ಎಂದು 1910ರ ಮೇ ತಿಂಗಳಲ್ಲಿ ಹಬ್ಬಿದ ಭಯ, 1962ರ ಫೆಬ್ರವರಿಯಲ್ಲಿ ಅಷ್ಟಗ್ರಹ ಕೂಟದಿಂದ ಲೋಕ ಮುಗಿಯುತ್ತದೆ ಎಂದು ಹರಡಿದ ಭೀತಿ, 2012ರ ಡಿಸೆಂಬರ್ 21ರ ಲೋಕಾಂತ್ಯದ ಗದ್ದಲ – ಇವು ಹುಸಿಯಾದದ್ದು ಅವುಗಳಲ್ಲಿ ಹುರುಳಿಲ್ಲದ್ದರಿಂದ. ಎರಡು ಸಾವಿರದ ಇಸವಿಗೆ ಕಂಪ್ಯೂಟರುಗಳೆಲ್ಲ ಕೆಡುತ್ತವೆ ಎಂದದ್ದು ಹುಸಿಯಾದದ್ದಕ್ಕೆ ಕಾರಣವೇ ಬೇರೆ: ವರ್ಷವನ್ನು ಎರಡೇ ಅಂಕಿಯಲ್ಲಿ ಬರೆದಿಟ್ಟಿದ್ದ ದೋಷ ನಿಜವಾಗಿಯೂ ಇತ್ತು, ಜಗತ್ತಿನಾದ್ಯಂತ ತಂತ್ರಜ್ಞರು ವರ್ಷಗಟ್ಟಲೆ ಕೂತು ಅದನ್ನು ಸರಿಪಡಿಸಿದರು. ಓಜೋನ್ ಪದರದ್ದೂ ಹಾಗೆಯೇ. ಕೆಲವು ಅನಿಲಗಳು ಅದನ್ನು ನಾಶ ಮಾಡಬಲ್ಲವು ಎಂದು ಮಾರಿಯೊ ಮೊಲಿನಾ ಮತ್ತು ಶೆರ್ವುಡ್ ರೋಲೆಂಡ್ 1974ರಲ್ಲಿ ಬರೆದರು, ಅಂಟಾರ್ಕ್ಟಿಕದ ಮೇಲೆ ಅದು ತೆಳುವಾಗಿರುವುದು 1985ರಲ್ಲಿ ಪ್ರಕಟವಾಯಿತು, 1987ರ ಸೆಪ್ಟೆಂಬರ್ 16ರಂದು ಆ ಅನಿಲಗಳಿಗೆ ಕಡಿವಾಣ ಹಾಕುವ ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿ ಬಿತ್ತು, ಈಗ ಆ ಪದರ ನಿಧಾನವಾಗಿ ಚೇತರಿಸಿಕೊಳ್ಳುತ್ತಿದೆ, ಅಂಟಾರ್ಕ್ಟಿಕದಲ್ಲಿ ಅದು ಹಳೆಯ ಸ್ಥಿತಿಗೆ ಮರಳಲು 2060ರ ದಶಕದವರೆಗೂ ಕಾಯಬೇಕಾದೀತು ಎಂಬ ಅಂದಾಜಿದೆ. ಜನರ ನೆನಪಿನಲ್ಲಿ ಈ ಎರಡು ಜಾತಿಯ ಹುಸಿಗಳೂ ಒಂದೇ ಚೀಲದಲ್ಲಿ ಬಿದ್ದಿವೆ. ‘ಆಗಲೂ ಹೀಗೆಯೇ ಹೆದರಿಸಿದ್ದರು, ಏನಾಯಿತು?’ ಎಂದು ಕೇಳುವವರಿಗೆ, ಏನೂ ಆಗದಂತೆ ನೋಡಿಕೊಂಡವರ ಕೆಲಸವನ್ನು ಯಾರೂ ತಿಳಿಸಿಲ್ಲ. ಆಪತ್ತಿಗೆ ಮೊದಲ ಪುಟ, ತಪ್ಪಿದ ಆಪತ್ತಿಗೆ ಯಾವ ಪುಟವೂ ಇಲ್ಲ. ಒಡಿಶಾದ 1999ರ ಮಹಾ ಚಂಡಮಾರುತದಲ್ಲಿ ಸುಮಾರು 10,000 ಜನ ಸತ್ತರು. 2013ರ ಅಕ್ಟೋಬರಿನಲ್ಲಿ ಅದೇ ಕರಾವಳಿಗೆ ಬಡಿದ ಫೈಲಿನ್ ಚಂಡಮಾರುತದ ಮುನ್ನ ಲಕ್ಷಾಂತರ ಜನರನ್ನು ಸ್ಥಳಾಂತರಿಸಿದ್ದರಿಂದ ಸತ್ತವರ ಸಂಖ್ಯೆ ಹತ್ತುಗಳ ಲೆಕ್ಕದಲ್ಲಿ ನಿಂತಿತು. ಈ ಎರಡು ಸುದ್ದಿಗಳಲ್ಲಿ ಎರಡನೆಯದಕ್ಕೆ ನಮ್ಮ ಬಳಿ ಒಂದು ದೊಡ್ಡ ಪದವೂ ಇಲ್ಲದಿರುವುದು ನನಗೆ ಭಾಷೆಯ ಬಡತನವೆಂದೇ ತೋರುತ್ತದೆ.

ಆದ್ದರಿಂದ ಸಂಪಾದಕರಲ್ಲಿ ನನ್ನ ಕೋರಿಕೆ ಇದು. ಆಪತ್ತಿನ ಮುನ್ಸೂಚನೆಯನ್ನು ಅಚ್ಚಿಗೆ ಕಳುಹಿಸುವ ಮುನ್ನ, ರಿಕ್ಸ್ ಮಾಡಿದಂತೆ ಒಮ್ಮೆ ಸಾಲು ಸಾಲಾಗಿ ಓದಿಸಿ. ಸಂಭವ ಎಷ್ಟೆಂದು ಮೂಲದಲ್ಲಿ ಹೇಳಿದ್ದರೆ ಅದು ಶೀರ್ಷಿಕೆಯಲ್ಲಲ್ಲದಿದ್ದರೂ ಮೊದಲ ಪ್ಯಾರಾದಲ್ಲಿ ಬರಲಿ, ‘ಆಗಲಿದೆ’ ಎಂದು ಬರೆದ ಕಡೆ ‘ಆದೀತು’ ಸರಿಹೋಗುತ್ತದೆಯೇ ಎಂದು ಉಪಸಂಪಾದಕರು ಕೇಳಿಕೊಳ್ಳಲಿ, ಮುನಿದ ದೇವರುಗಳನ್ನು ತೆಗೆದು ಆ ಜಾಗದಲ್ಲಿ ಕಾರಣವನ್ನೋ ಹೊಣೆಗಾರರನ್ನೋ ಇಡಲಿ. ಅಧಿಕಾರಿಗಳು ತಮ್ಮ ಪ್ರಕಟಣೆಯನ್ನು ಹೊರಡಿಸುವ ಮುನ್ನ ಆ ಇಲಾಖೆಗೆ ಸೇರದ ಒಬ್ಬರಿಗೆ ಓದಿ ಹೇಳಿ, ‘ಈಗ ನೀವೇನು ಮಾಡುತ್ತೀರಿ?’ ಎಂದು ಕೇಳಲಿ. ಉತ್ತರ ಬಾರದಿದ್ದರೆ ಪ್ರಕಟಣೆಯನ್ನು ಮತ್ತೆ ಬರೆಯಲಿ. ಮತ್ತು ಇಬ್ಬರೂ ಕೂಡಿ, ಹೇಳಿದ ಆಪತ್ತಿನ ದಿನ ಕಳೆದು ಒಂದು ವಾರದೊಳಗೆ, ಮುನ್ಸೂಚನೆಯನ್ನು ಪ್ರಕಟಿಸಿದ ಜಾಗದಲ್ಲೇ, ಅಷ್ಟೇ ಗಾತ್ರದ ಅಕ್ಷರಗಳಲ್ಲಿ, ಹೇಳಿದ್ದರಲ್ಲಿ ನಡೆದದ್ದೆಷ್ಟು, ನಡೆಯದಿದ್ದರೆ ಲೆಕ್ಕ ತಪ್ಪಿತೋ ಅಥವಾ ಯಾರದೋ ಕೆಲಸದಿಂದ ತಪ್ಪಿಹೋಯಿತೋ ಎಂಬುದನ್ನು ತಿಳಿಸಲಿ. ಈ ಮೂರರಲ್ಲಿ ಕೊನೆಯದನ್ನು ಮೊದಲು ಆರಂಭಿಸಿದರೂ ಸಾಕು. ಅದಕ್ಕೆ ಹೊಸ ಸಿಬ್ಬಂದಿ ಬೇಡ, ಮುನ್ಸೂಚನೆ ಅಚ್ಚಾದ ದಿನವೇ ಮುಂದಿನ ವಾರದ ಪುಟದಲ್ಲಿ ಅದಕ್ಕೊಂದು ಜಾಗ ಕಾದಿರಿಸಿದರೆ ಆಯಿತು.

ಗೌರವಪೂರ್ವಕ ವಂದನೆಗಳೊಂದಿಗೆ,
ಕನ್ನಡದಲ್ಲೇ ಸುದ್ದಿ ಓದುವ ನಿಮ್ಮ ಓದುಗರಲ್ಲೊಬ್ಬರು